ನರಗುಂದದ ಗುಡ್ಡದ ಮೇಲೆ

ಚಳಿಗಾಲದ ಒಂದು ಮುಂಜಾನೆ ನಾವು ಮನೆಮಂದಿಯೆಲ್ಲ ಅಸೂಟಿಯಿಂದ ಜೀಪಿನಲ್ಲಿ ನರಗುಂದಕ್ಕೆ ಹೊರಟೆವು. ದಾರಿಯ ಇಕ್ಕೆಲಗಳಲ್ಲಿ ಎರೆಭೂಮಿ. ಬಿಳಿಜೋಳ, ಕಡಲೆ, ಕುಸುಬೆಯ ಹೊಲಗಳು ಕಣ್ಣು ಹರಿಯುವವರೆಗೂ ಹಬ್ಬಿದ್ದವು. ಆ ಬಯಲಿನ ನಡುವೆ ನರಗುಂದದ ಗುಡ್ಡವು ದೂರದಿಂದಲೇ ಕಾಣಿಸಿತು.

ಶಾಲೆಯ ಪುಸ್ತಕವೊಂದರಲ್ಲಿ ನಾನು ಸ್ಪೇನ್ ದೇಶದ ಅಲ್‌ಹಾಂಬ್ರದ ಚಿತ್ರವನ್ನು ಕಂಡಿದ್ದೆ. ಗ್ರಾನಡಾ ನಗರದ ಬೆಟ್ಟದ ಮೇಲೆ ಮೂರ್ ಅರಸರು ಕಟ್ಟಿಸಿದ ಅರಮನೆಯದು. ಅಂಥ ಕಮಾನುಗಳನ್ನೂ ಕಾರಂಜಿಗಳನ್ನೂ ಇಲ್ಲಿಯೂ ಕಾಣಬಹುದೆಂದು ಎಣಿಸಿ ಗುಡ್ಡವನ್ನೇರಿದೆ. ಆದರೆ ಕಂಡದ್ದು ಮುರಿದ ಕೋಟೆಗೋಡೆ, ಚದುರಿದ ಕಲ್ಲು, ಒಣಹುಲ್ಲು.

“ಅಜ್ಜಾ, ಇದನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೆ?” ಎಂದೆ.

ಅಜ್ಜ ಕಲ್ಲೊಂದರ ಮೇಲೆ ಕುಳಿತು ಹೇಳತೊಡಗಿದರು: “ತಮ್ಮಾ, ಇದು ಭಾವೆ ಮನೆತನದವರ ಸಂಸ್ಥಾನವಾಗಿತ್ತು. ಕೊನೆಯ ದೊರೆ ಭಾಸ್ಕರರಾವ್. ಜನರ ಬಾಯಲ್ಲಿ ಬಾಬಾಸಾಹೇಬ. ಅವನು ವಿದ್ಯಾಪ್ರಿಯ; ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿದ್ದ. ವಾರಸುದಾರನಿಲ್ಲದ್ದರಿಂದ ದತ್ತು ಸ್ವೀಕಾರಕ್ಕೆ ಅನುಮತಿ ಬೇಡಿದ. ಬ್ರಿಟಿಷರು ಒಪ್ಪಲಿಲ್ಲ. 1858ರ ಮೇ 29ರಂದು ಸುರೇಬಾನದಲ್ಲಿ ಅವರ ಅಧಿಕಾರಿ ಮ್ಯಾನ್‌ಸನ್ ಬಾಬಾಸಾಹೇಬನ ಕಡೆಯವರಿಂದ ಹತನಾದ. ಜೂನ್ 2ರಂದು ಕೋಟೆ ಬ್ರಿಟಿಷರ ವಶವಾಯಿತು. ಜೂನ್ 12ರಂದು ದೊರೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮತ್ತೆ ಯಾರೂ ಇಲ್ಲಿ ನೆಲೆನಿಲ್ಲದಂತೆ ಕೋಟೆಯನ್ನು ಕೆಡವಿಸಿದರು.”

ತಂದೆಯವರು ನನ್ನತ್ತ ತಿರುಗಿ, “1492ರಲ್ಲಿ ಗ್ರಾನಡಾದ ಕೊನೆಯ ಮೂರ್ ಅರಸ ಬೋಬ್ದಿಲ್ ನಗರವನ್ನು ಒಪ್ಪಿಸಿಕೊಟ್ಟ. ಗೆದ್ದವರು ಅರಮನೆಯನ್ನು ತಮ್ಮದಾಗಿಸಿಕೊಂಡರು; ಅದು ಉಳಿಯಿತು. ಇಲ್ಲಿಯ ದೊರೆ ತಲೆಬಾಗಲಿಲ್ಲ, ಕೋಟೆ ಅಳಿಯಿತು” ಎಂದರು.

“ಹಾಗಾದರೆ ಯಾವುದು ಸರಿ?”

ಅಜ್ಜ ಕೂಡಲೇ ಉತ್ತರಿಸಲಿಲ್ಲ. “ಕೊಲೆಯನ್ನು ನಾನು ಹೊಗಳಲಾರೆ. ಊರನ್ನು ಉಳಿಸಲು ಶರಣಾದವನನ್ನು ಹಳಿಯಲೂ ಆರೆ. ಆದರೆ ಅನ್ಯಾಯವನ್ನು ಅನ್ಯಾಯವೆಂದು ಸಾರಿದವನ ಊರು ಇದು. ಅಷ್ಟನ್ನು ನೀನು ಮರೆಯಬಾರದು” ಎಂದರು.

ಎಸೆಯಲೆಂದು ಎತ್ತಿಕೊಂಡಿದ್ದ ಕಲ್ಲು ನನ್ನ ಕೈಯಲ್ಲಿತ್ತು. ಅದನ್ನು ಮೆಲ್ಲನೆ ಗೋಡೆಯ ಮೇಲೆಯೇ ಇರಿಸಿ ಅಜ್ಜನ ಕೈಹಿಡಿದು ಗುಡ್ಡವನ್ನಿಳಿದೆ.

ಪದಗಳ ಅರ್ಥ
ಎರೆಭೂಮಿ – ಕಪ್ಪು ಮಣ್ಣಿನ ಹೊಲ. ವಾರಸುದಾರ – ಉತ್ತರಾಧಿಕಾರಿ. ಹಳಿ – ನಿಂದಿಸು

ಅಭ್ಯಾಸ
1. ಗುಡ್ಡವನ್ನೇರಿದ ಬಾಲಕನಿಗೆ ನಿರಾಶೆಯಾದುದೇಕೆ?
2. ಅಲ್‌ಹಾಂಬ್ರ ಉಳಿಯಲು, ನರಗುಂದದ ಕೋಟೆ ಅಳಿಯಲು ಕಾರಣಗಳೇನು?
3. ಅಜ್ಜನ ಮಾತನ್ನು ನೀವು ಒಪ್ಪುವಿರಾ? ಚರ್ಚಿಸಿರಿ.