ನಡೆಯುತ್ತಿರುವ ಬೇಕರಿ ಕೊಳ್ಳುವ ಮುನ್ನ

ಬೆಂಗಳೂರಿನ ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ಕಡೆ ‘ರನ್ನಿಂಗ್ ಬೇಕರಿ ಮಾರಾಟಕ್ಕಿದೆ’ ಎಂದು ಕೇಳಿದ ಕೂಡಲೇ ಊರಿನ ಜಮೀನು ಮಾರಿದ ದುಡ್ಡನ್ನೋ ನಿವೃತ್ತಿಯ ಹಣವನ್ನೋ ಹಿಡಿದು ಹೊರಡುವವರಿದ್ದಾರೆ. ಸಂಜೆ ಹೊತ್ತು ಕೌಂಟರ್ ಮುಂದೆ ಜಮಾಯಿಸಿದ ಜನ ನೋಡಿಯೇ ಮಾತು ಮುಗಿಸಿಬಿಡುತ್ತಾರೆ. ಜನರನ್ನು ನೋಡಿದರೆ ಸಾಲದು, ಕಾಗದ ನೋಡಬೇಕು. ಅದರಲ್ಲೂ ಮಾರುವವರು ತಾವೇ ಬರೆದುಕೊಳ್ಳಲಾಗದ ಕಾಗದ.

1. ಹೇಳಿದ ವ್ಯಾಪಾರವನ್ನು 365ರಿಂದ ಗುಣಿಸಿ. ‘ದಿನಕ್ಕೆ 25 ಸಾವಿರ ಗಲ್ಲಾ ಆಗುತ್ತೆ ಸಾರ್’ ಎಂದರೆ ವರ್ಷಕ್ಕೆ 91 ಲಕ್ಷ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅಂಗಡಿಗೆ ಜಿಎಸ್‌ಟಿ ನಂಬರೇ ಇಲ್ಲವೆಂದರೆ ಒಂದೋ ಹೇಳಿದ ವ್ಯಾಪಾರ ಸುಳ್ಳು, ಇಲ್ಲವೇ ತೆರಿಗೆ ಬಾಕಿಯಿದೆ.

2. ಆ ಬಾಕಿ ನಿಮ್ಮ ತಲೆಗೂ ಬರುತ್ತದೆ. ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ ವ್ಯಾಪಾರ ಕೈ ಬದಲಾಗುವವರೆಗಿನ ತೆರಿಗೆಗೆ ಮಾರಿದವರು, ಕೊಂಡವರು ಇಬ್ಬರೂ ಹೊಣೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಿಂದಿನ ವರ್ಷಗಳ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದರು. ಸರ್ಕಾರ ಆಮೇಲೆ ಮೆತ್ತಗಾಯಿತು, ನಿಜ. ಆದರೂ ನೀವು ಕೊಳ್ಳುವ ಅಂಗಡಿಗೆ ನೋಟಿಸ್ ಬಂದಿತ್ತೇ, ಏನು ಉತ್ತರ ಕೊಟ್ಟರು ಎಂದು ಕೇಳಿ, ಪ್ರತಿ ಪಡೆಯಿರಿ. ನೋಂದಣಿ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿ ನೋಡಿ. ರಿಟರ್ನ್ ಸಲ್ಲಿಸಿದ್ದಾರೋ ಇಲ್ಲವೋ ಅಲ್ಲೇ ಕಾಣುತ್ತದೆ. ಹಳೆಯ ಬಾಕಿ ಮಾರಿದವರದೇ ಎಂದು ಕರಾರಿನಲ್ಲಿ ಬರೆಸಿ, ಸ್ವಲ್ಪ ಹಣವನ್ನು ಕೆಲವು ತಿಂಗಳು ತಡೆಹಿಡಿಯಿರಿ.

3. ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ 12 ತಿಂಗಳದ್ದು ಬೇಕು. ಹೊಸ ವರ್ಷದ ಕೇಕ್ ವ್ಯಾಪಾರದ ವಾರ ತೋರಿಸಿ ಬೆಲೆ ಏರಿಸುವುದು ಹಳೆಯ ಚಾಳಿ. ಒಂದೇ ಹೆಸರಿನಿಂದ ಪದೇಪದೇ ದೊಡ್ಡ ಮೊತ್ತ ಬಂದಿದ್ದರೆ ಅದು ಪಫ್ಸ್ ಮಾರಿದ ದುಡ್ಡಲ್ಲ.

4. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಖರ್ಚಿನ ಬಿಲ್ಲುಗಳ ಮೇಲೆ. ತಿಂಗಳಿಗೆ 50 ಕೆಜಿಯ ಮೈದಾ ಮೂಟೆ ಎಷ್ಟು ಇಳಿದವು, 19 ಕೆಜಿಯ ಸಿಲಿಂಡರ್ ಎಷ್ಟು ಖಾಲಿಯಾದವು, ಬೆಸ್ಕಾಂ ಬಿಲ್ ಎಷ್ಟು ಬಂತು, ದಿನಕ್ಕೆ ಎಷ್ಟು ಲೀಟರ್ ಹಾಲು ತರಿಸುತ್ತಾರೆ? ಅನುಭವಿ ಬೇಕರಿ ಮಾಸ್ಟರ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಒಂದು ಮೂಟೆಗೆ ಎಷ್ಟು ಬ್ರೆಡ್, ಎಷ್ಟು ಬನ್ ಎಂಬುದು ಅವರಿಗೆ ಬಾಯಿಪಾಠ. ಬಿಲ್ಲಿನ ಮೈದಾಕ್ಕೂ ಹೇಳಿದ ಮಾರಾಟಕ್ಕೂ ತಾಳೆಯಾಗದಿದ್ದರೆ ಅಲ್ಲೇ ಮಾತು ನಿಲ್ಲಿಸಿ.

5. ಆದಾಯ ತೆರಿಗೆ ರಿಟರ್ನ್ ನೋಡಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಸಣ್ಣ ವ್ಯಾಪಾರಿಗಳು ಐಟಿಆರ್-4ರಲ್ಲಿ ಡಿಜಿಟಲ್ ವಹಿವಾಟಿಗೆ ಕನಿಷ್ಠ ಶೇ 6, ನಗದಿಗೆ ಶೇ 8ರ ಲೆಕ್ಕದಲ್ಲಿ ಲಾಭ ತೋರಿಸಬಹುದು. ಅದು ಅಂದಾಜು.

6. ಬರೆಯದ ಸಂಬಳ ಬರೆದುಕೊಳ್ಳಿ. ಗಲ್ಲಾದಲ್ಲಿ ಅಣ್ಣ, ಒಳಗೆ ಅತ್ತಿಗೆ, ಡೆಲಿವರಿಗೆ ಮಗ; ಇವರ್ಯಾರ ಸಂಬಳವೂ ಲೆಕ್ಕದಲ್ಲಿಲ್ಲ. ನೀವು ಕೆಲಸದವರನ್ನು ಇಟ್ಟುಕೊಂಡ ದಿನವೇ ಆ ‘ಲಾಭ’ ಕರಗುತ್ತದೆ.

7. ಬಿಲ್ಡಿಂಗ್ ಓನರ್ ಜೊತೆ ನೀವೇ ಮಾತಾಡಿ. ಹೊಸ ಅಗ್ರಿಮೆಂಟ್‌ಗೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ವರ್ಷಕ್ಕೆ ಎಂಬುದು ಕಾಗದದಲ್ಲಿ ಬರಲಿ. ಓವನ್, ಫ್ರಿಜ್ ಮೇಲೆ ಸಾಲವಿದೆಯೇ, ಎಫ್‌ಎಸ್‌ಎಸ್‌ಎಐ ಮತ್ತು ಟ್ರೇಡ್ ಲೈಸೆನ್ಸ್ ಯಾರ ಹೆಸರಲ್ಲಿವೆ ಎಂದೂ ನೋಡಿ.

ಇಷ್ಟನ್ನೂ ಒಬ್ಬ ಲೆಕ್ಕಪರಿಶೋಧಕರ ಮುಂದಿಟ್ಟ ಮೇಲೆಯೇ ಟೋಕನ್ ಅಡ್ವಾನ್ಸ್ ಕೊಡಿ. ‘ನಾಳೆ ಇನ್ನೊಂದು ಪಾರ್ಟಿ ಬರ್ತಿದೆ’ ಎಂದು ಅವಸರಪಡಿಸಿದರೆ, ಆ ಪಾರ್ಟಿಗೇ ಬಿಟ್ಟುಕೊಡಿ.