ಗೆರೆಯಾಚೆ ನಿಲ್ಲುವ ಅಪ್ಪನಿಗೆ ಕಾಕಾನ ಕಿವಿಮಾತು

ತಮ್ಮಾ, ಮಗನ ಫುಟ್‌ಬಾಲ್ ಟೀಮಿಗೆ ನಿನ್ನನ್ನೇ ಮ್ಯಾನೇಜರ್ ಮಾಡಿದ್ದಾರಂತೆ, ಖುಷಿಯಾಯಿತು. ಕಬಡ್ಡಿ, ಖೋಖೋ ಅಂದರೆ ನಮ್ಮ ಕಡೆ ಊರೇ ನೆರೆಯುತ್ತದೆ. ಫುಟ್‌ಬಾಲಿಗೆ ಕೈಜೋಡಿಸುವವರು ಕಡಿಮೆ. ಹಾಗಾಗಿ ಹಮಾಲನೂ ನೀನೇ, ಕಾರಕೂನನೂ ನೀನೇ. ಶಹಾಪುರದಿಂದ ಮಕ್ಕಳನ್ನು ಕಟ್ಟಿಕೊಂಡು ಸುರಪುರ, ಯಾದಗಿರಿ ತಿರುಗಿದವನು ನಾನು. ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ, ಕೇಳು.

• ಸುಣ್ಣದ ಗೆರೆಯ ಒಳಗಿನದು ಪಿ.ಟಿ. ಸರ್ ಪಾಲು, ಹೊರಗಿನದು ನಿನ್ನ ಪಾಲು. ಒಮ್ಮೆ ಸರ್ "ಚೆಂಡು ಹಿಡ್ಕೋ" ಅಂದರು, ನಾನು ಆಚೆಯಿಂದ "ಒದಿಯಲೇ" ಅಂತ ಒದರಿದೆ. ಮಗ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದ. ಅಷ್ಟರಲ್ಲಿ ಚೆಂಡು ಎದುರಿನವರ ಕಾಲಿಗೆ ಸಿಕ್ಕಿತ್ತು. ಅವತ್ತಿನಿಂದ ಆಟ ಮುಗಿಯುವ ತನಕ ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ನಿಲ್ಲುತ್ತಿದ್ದೆ.

• ಕಾಗದ ಮೊದಲು, ಚೆಂಡು ಆಮೇಲೆ. ತಾಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ: ಎಲ್ಲ ಮೆಟ್ಟಿಲಲ್ಲೂ ವಯಸ್ಸು ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳು ಶಾಲೆಯ ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿದವರು! ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು ತಾರೀಖಿದ್ದರೆ ತಿಂಗಳ ಮೊದಲೇ ನೋಡಿಸು. ವಯಸ್ಸು ಮುಚ್ಚಿಟ್ಟು ಆಡಿಸುವ ಸಲಹೆ ಯಾರೇ ಕೊಟ್ಟರೂ ಎದ್ದು ಬಾ.

• ಶಿನ್‌ಗಾರ್ಡ್ ದುಡ್ಡಿದ್ದವರ ಅಲಂಕಾರ ಅನ್ನಬೇಡ, ಆಟದ ನಿಯಮದಲ್ಲೇ ಅದು ಕಡ್ಡಾಯ. ನಮ್ಮ ಎರೆಮಣ್ಣು ಮಳೆ ಬಿದ್ದರೆ ಬೂಟಿಗೆ ಅಂಗೈ ದಪ್ಪ ಮೆತ್ತುತ್ತದೆ. ಕೆರೆಯಲು ಒಂದು ಕಡ್ಡಿ, ಒರೆಸಲು ಹಳೆ ಬಟ್ಟೆ ಚೀಲದಲ್ಲಿರಲಿ.

• ಅರ್ಧ ಆಟದ ಬಿಡುವು 15 ನಿಮಿಷ ಮೀರುವಂತಿಲ್ಲ. ಆಗ ರೊಟ್ಟಿ ತಿನ್ನಿಸಿದರೆ ಹುಡುಗರು ಓಡಲಾರರು. ನೀರು, ಉಪ್ಪು ಸಕ್ಕರೆ ಹಾಕಿದ ಲಿಂಬು ಪಾನಕ, ಬಾಳೆಹಣ್ಣು ಸಾಕು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಆಟ ಮುಗಿದ ಮೇಲೆ ಬಿಚ್ಚು.

• ಐದು ರೂಪಾಯಿ ಚಂದಾ ಬಂದರೂ ನೋಟ್‌ಬುಕ್ಕಿನಲ್ಲಿ ಬರೆ, ತಿಂಗಳಿಗೊಮ್ಮೆ ಎಲ್ಲ ಪಾಲಕರ ಮುಂದೆ ಓದು. ಕೊಡಲಾಗದವರ ಹೆಸರು ಮಾತ್ರ ಓದಬೇಡ. ಕೂಲಿ ಬಿಟ್ಟು ಮಗಳನ್ನು ಮೈದಾನಕ್ಕೆ ಬಿಡಲು ಬಂದ ತಾಯಿ ಅವತ್ತಿನ ಚಂದಾ ಆಗಲೇ ಕೊಟ್ಟಿದ್ದಾಳೆ.

• ನಿನ್ನ ಮಗನನ್ನು ಆಡಿಸು ಅಂತ ಸರ್‌ಗೆ ಒಂದು ದಿನವೂ ಹೇಳಬೇಡ. ಅವನು ಬೆಂಚಿನಲ್ಲಿ ಕೂತ ದಿನವೇ ಉಳಿದ ಪಾಲಕರು ನಿನ್ನನ್ನು ಅಳೆಯುವುದು. ಅವತ್ತೂ ನೀರಿನ ಕೊಡ ಹೊತ್ತುಕೋ.

• ಗುಳೆ ಹೋದವರ ಮಕ್ಕಳನ್ನು ಮರೆಯಬೇಡ. ಅಪ್ಪ ಅವ್ವ ಬೆಂಗಳೂರಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕೆ; ಹುಡುಗ ಇಲ್ಲಿ ಅಜ್ಜಿಯ ಹತ್ತಿರ. ನಮ್ಮ ಗೋಲಿಯೊಬ್ಬ ಗೆದ್ದ ದಿನ ಎಲ್ಲರೂ ಅವರವರ ಅಪ್ಪನ ಕಡೆ ಓಡಿದಾಗ ಗೋಲಿನ ಕಂಬ ಹಿಡಿದು ನಿಂತೇ ಇದ್ದ. ನನ್ನ ಫೋನಿನಿಂದ ಅವನ ಅಪ್ಪನಿಗೆ ಹಚ್ಚಿಕೊಟ್ಟೆ. "ಎಷ್ಟು ತಡದಿ?" ಅಂತ ಆ ಕಡೆಯಿಂದ ಕೇಳಿತು. "ಮೂರು" ಅಂದ, ಮೂರು ಬೆರಳು ತೋರಿಸುತ್ತಾ. ಇಂಥ ಫೋನು ಹಚ್ಚುವುದೂ ಮ್ಯಾನೇಜರನ ಕೆಲಸವೇ.

• ಬಾಲಕಿಯರ ಟೀಮ್ ಹೊರಟರೆ ಒಬ್ಬ ತಾಯಿಯಾದರೂ ಜೊತೆಗಿರಲಿ. ಒಂದೇ ಕ್ರೂಸರಿನಲ್ಲಿ ಎಲ್ಲರನ್ನೂ ತುರುಕಬೇಡ. ಬಾಡಿಗೆ ಉಳಿಸಲು ಟಾಪಿನ ಮೇಲಂತೂ ಕೂರಿಸಲೇಬೇಡ.

ಕೊನೆಯ ಮಾತು. ಹೊರಡುವಾಗ ತಲೆ ಎಣಿಸು, ವಾಪಸ್ ಹತ್ತಿಸುವಾಗ ಮತ್ತೆ ಎಣಿಸು, ಕೊನೆಯ ಮಗು ಮನೆಯ ಬಾಗಿಲು ದಾಟುವ ತನಕ ನಿನ್ನ ಮನೆಗೆ ಹೋಗಬೇಡ. ಹದಿನಾರು ಹೋದರೆ ಹದಿನಾರು ಬರಬೇಕು. ಎಷ್ಟು ಗೋಲಾಯಿತು ಅಂತ ಆಮೇಲೆ ಕೇಳುತ್ತೇನೆ.