ಬಿಸಿಲು ಬಿದ್ದ ಮೇಲೆ ಹೊರಡಿ: ಬೀದರ್‌ನಿಂದ ಬಾದಾಮಿಗೆ ಚಳಿಗಾಲದ ಸೈಕಲ್ ದಾರಿ

ಸೈಕಲ್ ಮೇಲೆ ದೂರ ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ನಸುಕಿನಲ್ಲೇ ಹೊರಡಿ, ಬಿಸಿಲೇರುವಷ್ಟರಲ್ಲಿ ಅರ್ಧ ದಾರಿ ಮುಗಿಸಿ. ಏಪ್ರಿಲ್ ತಿಂಗಳಿಗೆ ಈ ಮಾತು ಸರಿ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಬೀದರ್‌ನಿಂದ ಕಲಬುರಗಿ, ವಿಜಯಪುರ ಹಾಯ್ದು ಬಾದಾಮಿ ಮುಟ್ಟುವ ಸುಮಾರು 400 ಕಿಲೋಮೀಟರ್ ದಾರಿಯಲ್ಲಿ ಒಬ್ಬರೇ ಹೋಗುವವರು ಮಾತ್ರ ಇದನ್ನು ಪಕ್ಕಕ್ಕಿಡಬೇಕು. ಇಲ್ಲಿ ಎಂಟರ ಹೊತ್ತಿಗೆ, ಮೈಮೇಲೆ ಬಿಸಿಲು ಬಿದ್ದ ಮೇಲೆ ಹೊರಟು, ಸಂಜೆ ಐದರೊಳಗೆ ಊರು ಸೇರಿಕೊಳ್ಳುವುದೇ ಸರಿಯಾದ ಕ್ರಮ. ಗಂಟೆಯ ಈ ಲೆಕ್ಕ ಸರಿಯಾದರೆ ದಿಕ್ಕು, ತಂಗುವ ಊರು, ಚೀಲದ ಭಾರ ಎಲ್ಲವೂ ಅದರ ಹಿಂದೆ ತಾವಾಗಿಯೇ ಸರಿಹೋಗುತ್ತವೆ.

ಮೊದಲು ಚಳಿಯ ಮಾತು. ಬೀದರ್, ವಿಜಯಪುರಗಳಲ್ಲಿ ಚಳಿ ಜೋರಾದ ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ; ಅದೇ ದಿನ ಮಧ್ಯಾಹ್ನ 28–30ಕ್ಕೆ ಏರುತ್ತದೆ. ಎರೆ ಭೂಮಿಯ ಒಣಹವೆಯಲ್ಲಿ ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುವುದರಿಂದ ಇಷ್ಟು ಅಂತರ. ಹೀಗೆ ಆರುತ್ತ ಬಂದ ನೆಲ ಅತಿ ತಣ್ಣಗಿರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ಈ ಭಾಗದಲ್ಲಿ ಆ ತಿಂಗಳುಗಳಲ್ಲಿ ಹೊತ್ತು ಮೂಡುವುದೇ 6:45ರಿಂದ 7ರ ಹೊತ್ತಿಗೆ. ಐದಕ್ಕೆ ಹೊರಟವರು ದಿನದ ಅತಿ ತಣ್ಣನೆಯ ಎರಡು ತಾಸನ್ನು ಕತ್ತಲಲ್ಲಿ ತಾವೇ ಹುಡುಕಿಕೊಂಡು ಹೋದಂತೆ. 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಎದುರುಗಾಳಿಯೇ ಹುಟ್ಟಿ ಮೈಗೆ 7 ಡಿಗ್ರಿಯಷ್ಟು ತಣ್ಣಗೆನಿಸುತ್ತದೆ. ಕಾಲು ಸದಾ ಆಡುತ್ತಿರುವುದರಿಂದ ಬಿಸಿಯಾಗಿರುತ್ತದೆ, ಕೈಬೆರಳು ಹಾಗಲ್ಲ.

ಬೆರಳಿನ ಮಾತು ಸಣ್ಣದೆನಿಸಬಹುದು. ಆದರೆ ಈ ದಾರಿಯ ದೊಡ್ಡ ಕಾಟ ಬಳ್ಳಾರಿ ಜಾಲಿಯ ಮುಳ್ಳು. ರಸ್ತೆಯಂಚಿಗೆ ಸರಿದರೆ ಸಾಕು, ಟೈರಿನಲ್ಲಿ ನೆಟ್ಟು ಮುರಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತುದಿ ಮಾತ್ರ ರಬ್ಬರಿನೊಳಗೆ ಅಕ್ಕಿಕಾಳಿನ ಮೊನೆಯಷ್ಟು ಉಳಿದಿರುತ್ತದೆ. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಆ ಮೊನೆಯನ್ನು ಹುಡುಕಿ ಕೀಳಬೇಕು. ಇಲ್ಲವಾದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಮರಗಟ್ಟಿದ ಹೆಬ್ಬೆರಳಿಗೆ ಅದು ತಿಳಿಯುವುದಿಲ್ಲ. ಕತ್ತಲು ಬೇರೆ. ಹಳ್ಳಿಯ ಪಂಕ್ಚರ್ ಅಂಗಡಿ ತೆರೆಯುವುದೂ ಬಿಸಿಲೇರಿದ ಮೇಲೆಯೇ. ಗೇರ್ ಸೈಕಲ್ಲಿನವರು ಇನ್ನೊಂದನ್ನು ಮರೆಯಬಾರದು: ತೆಳು ಕಡ್ಡಿಯಂತಹ ಪ್ರೆಸ್ಟಾ ವಾಲ್ವಿಗೆ ಅಲ್ಲಿನ ಗಾಳಿ ಯಂತ್ರದ ಬಾಯಿ ಕೂರುವುದಿಲ್ಲ. ಅದಕ್ಕೆ ಬೇಕಾದ ಹಿತ್ತಾಳೆಯ ಪುಟ್ಟ ಅಡಾಪ್ಟರ್, ಎರಡು ಟ್ಯೂಬ್, ಪ್ಯಾಚು, ಕೈಪಂಪು ಜೊತೆಗಿರಲೇಬೇಕು.

ಬೆಳಗ್ಗೆ ಬೇಗ ಹೊರಟರೆ ಗಾಳಿಯ ಕಾಟ ತಪ್ಪುತ್ತದೆ ಎಂಬ ಆಕ್ಷೇಪಕ್ಕೆ ನಿಜವಾದ ತೂಕವಿದೆ. ರಾತ್ರಿ ನೆಲದ ಮೇಲೆ ಮಲಗಿದ ತಣ್ಣನೆಯ ಹವೆ ಬಿಸಿಲಿಗೆ ಎದ್ದು ಮೇಲಿನ ಗಾಳಿಯೊಂದಿಗೆ ಬೆರೆಯುವವರೆಗೆ ಬಯಲು ಸ್ತಬ್ಧವಾಗಿರುತ್ತದೆ. ಒಂಬತ್ತು ಹತ್ತರ ನಂತರವೇ ಗಾಳಿ ಏಳುವುದು. ಆದರೆ ಅದು ಯಾವ ಕಡೆಯ ಗಾಳಿ ಎಂದು ಕೇಳಬೇಕು. ಈ ತಿಂಗಳುಗಳಲ್ಲಿ ದಖ್ಖನ್ನಿನ ಮೇಲೆ ಹೆಚ್ಚಾಗಿ ಬೀಸುವುದು ಮೂಡಣ ಮತ್ತು ಈಶಾನ್ಯದ ಗಾಳಿ. ಬೀದರ್‌ನಿಂದ ಬಾದಾಮಿಗೆ ದಾರಿ ಇಳಿಯುವುದು ನೈಋತ್ಯಕ್ಕೆ. ಅಂದರೆ ತಪ್ಪಿಸಿಕೊಳ್ಳಬೇಕೆಂದ ಗಾಳಿಯೇ ಬಹುಪಾಲು ದಿನ ಬೆನ್ನಿಗೆ ನಿಂತು ತಳ್ಳುತ್ತದೆ. ಬಾದಾಮಿಯಿಂದ ಬೀದರ್‌ಗೆ ಹೋಗಬೇಕೆನ್ನುವವರಿಗೆ ನಸುಕಿನ ಸಲಹೆಯೇ ಲೇಸಾದೀತು. ಹಾಗೆ ಹೋಗಬೇಡಿ ಎಂಬುದೇ ನನ್ನ ಮಾತು. ಜೊತೆಗೆ ಬೀದರ್ ಎತ್ತರದಲ್ಲಿದೆ, ಕಲಬುರಗಿ ಅದಕ್ಕಿಂತ 200 ಮೀಟರಿನಷ್ಟು ಕೆಳಗೆ. ಮೊದಲ ಎರಡು ದಿನ, ಕಾಲು ಇನ್ನೂ ಪಳಗದಿರುವಾಗ, ಇಳಿಜಾರೂ ಸಹಾಯಕ್ಕೆ ಬರುತ್ತದೆ.

ತಡವಾಗಿ ಹೊರಟರೆ ದಾರಿ ಸಾಗೀತೇ? ಎಂಟರಿಂದ ಐದರವರೆಗೆ ಒಂಬತ್ತು ತಾಸು. ಊಟ, ಚಹಾ, ನೆರಳಿಗೆ ಮೂರು ತಾಸು ತೆಗೆದರೂ ಆರು ಉಳಿಯುತ್ತವೆ. ಹೊರೆ ಹೊತ್ತ ಸೈಕಲ್ ತಾಸಿಗೆ 15 ಕಿಲೋಮೀಟರಿನಂತೆ 90 ಮುಟ್ಟುತ್ತದೆ. ಈ ದಾರಿಯಲ್ಲಿ ಅಷ್ಟು ಬೇಕಾಗುವುದು ಒಂದೇ ದಿನ. ಬೀದರ್‌ನಿಂದ ಹುಮನಾಬಾದ್ 50ರ ಆಸುಪಾಸು, ಅಲ್ಲಿಂದ ಕಲಬುರಗಿ 60ರಷ್ಟು. ನಡುವೆ ಕಮಲಾಪುರದಲ್ಲಿ ಅಲ್ಲಿಯದೇ ಆದ ಕೆಂಬಾಳೆ ಸಿಕ್ಕರೆ ಬಿಡಬೇಡಿ, ಸೈಕಲ್ಲಿನವರಿಗೆ ಅದಕ್ಕಿಂತ ಒಳ್ಳೆಯ ತಿನಿಸಿಲ್ಲ. ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ ಜೇವರ್ಗಿಗೆ 40, ಮುಂದೆ ಸಿಂದಗಿಗೆ ಸುಮಾರು 60, ವಿಜಯಪುರಕ್ಕೆ ಮತ್ತೆ ಅಷ್ಟೇ. ಗೋಳಗುಮ್ಮಟದ ಊರಿನಲ್ಲಿ ಒಂದು ದಿನ ಕಾಲಿಗೆ ಬಿಡುವು ಕೊಡಿ. ಬಾಗಲಕೋಟೆಯ ದಾರಿ 80 ಮೀರುತ್ತದೆ. ಬಾಗಲಕೋಟೆಯಿಂದ ಬಾದಾಮಿ 40ರ ಸುತ್ತಮುತ್ತ. ಆ ಉದ್ದದ ದಿನದಲ್ಲಿ ಕೃಷ್ಣೆಯ ಹಿನ್ನೀರಿನ ಮೇಲೆ ಕೊಲ್ಹಾರದ ನೀಳ ಸೇತುವೆ ಬರುತ್ತದೆ. ಅಲ್ಲಿ ಮರೆಯಿಲ್ಲದ ಮೂಡಣ ಗಾಳಿ ಅಡ್ಡ ಹೊಡೆಯುವುದರಿಂದ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಲಾರಿ ದಾಟುವಾಗ ವೇಗ ತಗ್ಗಿಸಬೇಕು. ಸೇತುವೆಗೆ ಮುನ್ನ ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ಸಿಗುತ್ತದೆ. ಗಡಿಗೆ ಬೋರಲು ಹಾಕಿದರೂ ಚೆಲ್ಲದಷ್ಟು ಗಟ್ಟಿ ಎಂದು ಹೆಸರಾದದ್ದು. ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಅದನ್ನು ಉಂಡು ಅರ್ಧ ತಾಸು ಕೂತರೆ ಉಳಿದ ದಾರಿ ಹಗುರ.

ನಡುಹಗಲಿನ ಬಿಸಿಲು ಸುಡುವುದಿಲ್ಲವೇ ಎಂದರೆ, ಫೆಬ್ರುವರಿ ಮುಂದುವರಿದಂತೆ ಸುಡುತ್ತದೆ. ಅದಕ್ಕೇ ಜನವರಿಯ ಗಡಿ ಹಾಕಿದ್ದು. ಈ ಬಿಸಿಲಿನ ನಿಜವಾದ ಅಪಾಯ ಬಾಯಾರಿಕೆ ಗೊತ್ತಾಗದಿರುವುದು. ಒಣಹವೆಯಲ್ಲಿ ಬೆವರು ಬಂದಲ್ಲೇ ಆರುತ್ತದೆ, ಬೆಳಗಿನ ಚಳಿಯ ನೆನಪಿನಲ್ಲಿ ನೀರು ಮುಟ್ಟುವುದೇ ಮರೆಯುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಬಾಟಲಿ ತುಂಬಿಕೊಂಡು, ತಾಸಿಗೊಮ್ಮೆ ಬೇಕೆನಿಸದಿದ್ದರೂ ಕುಡಿಯಬೇಕು. ದಪ್ಪ ಸ್ವೆಟರ್ ತರಬೇಡಿ. ಬೆವರಿನಲ್ಲಿ ತೊಯ್ದು ಅದೇ ಚಳಿ ಹತ್ತಿಸುತ್ತದೆ. ತೆಳು ಅಂಗಿಗಳು ಎರಡು, ಗಾಳಿ ತಡೆಯುವ ಜಾಕೆಟ್ ಒಂದು, ಕಿವಿ ಮುಚ್ಚುವ ಟೋಪಿ, ಕೈಗವಸು ಸಾಕು.

ಒಬ್ಬರೇ ಹೋಗುವುದು ಕ್ಷೇಮವೇ ಎಂಬ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು, ಹೊತ್ತಿನ ಲೆಕ್ಕ ಹೆಚ್ಚು ನೆರವಾಗುವುದೂ ಇಲ್ಲೇ. ಇದು ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹಗಲಿರುಳು ಸಾಗುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವಿಲ್ಲ, ಕಬ್ಬು ಎರಡೂ ಬದಿ ಚಾಚಿಕೊಂಡಿರುತ್ತದೆ. ತೊಗರಿ ರಾಶಿಯೂ ಇದೇ ಹೊತ್ತಿಗೆ, ಒಳರಸ್ತೆಯ ಮೇಲೆಯೇ ಹರಡಿರುತ್ತಾರೆ. ಹೊಳೆಯ ಬದಿಯ ತಗ್ಗುಗಳಲ್ಲಿ ಬೆಳಗಿನ ಮಂಜು ಬೇರೆ. ನಸುಕಿನಲ್ಲಿ ಇವೆಲ್ಲದರ ನಡುವೆ ಒಂಟಿ ಸೈಕಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ಗಂಟೆಗೆ ಅದೇ ದಾರಿ ಬೇರೆಯೇ: ಜೋಳದ ಹೊಲದಲ್ಲಿ, ಕಡಲೆ ಸಾಲಿನಲ್ಲಿ, ಕಣದಲ್ಲಿ ಜನ ಇರುತ್ತಾರೆ. ಸೈಕಲ್ ಮಲಗಿಸಿ ಕೂತವರನ್ನು ಕಂಡರೆ ‘ಏನಾತ್ರಿ?’ ಎಂದು ಕೇಳದೆ ಹೋಗುವವರು ಕಡಿಮೆ. ಹೆಣ್ಣುಮಕ್ಕಳು ಒಬ್ಬರೇ ಹೊರಟಾಗಲಂತೂ, ಹೊಲದಲ್ಲಿ ಹೆಂಗಸರು ಕೆಲಸಕ್ಕಿರುವ ಈ ಹೊತ್ತಿನಷ್ಟು ಒಳ್ಳೆಯ ಕಾವಲು ಇನ್ನೊಂದಿಲ್ಲ. ಒಳದಾರಿಯ ಆಸೆಗೆ ಹೆದ್ದಾರಿ ಬಿಟ್ಟರೆ ಮೂರರ ನಂತರ ಬಿಡಬೇಡಿ.

ಹಬ್ಬದ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಂಡೇ ತಾರೀಕು ಗೊತ್ತುಮಾಡಿ. ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಹೊಲದಲ್ಲಿರುತ್ತದೆ, ಚರಗ ಚೆಲ್ಲಿ ಅಲ್ಲೇ ಉಣ್ಣುತ್ತದೆ. ಅಂದು ಖಾನಾವಳಿ ಮುಚ್ಚಿದ್ದರೆ ಗಾಬರಿ ಬೇಡ. ‘ಬರ್ರಿ, ಊಟ ಮಾಡ್ರಿ’ ಎಂಬ ಕರೆ ಬಂದರೆ ಸಂಕೋಚವಿಲ್ಲದೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಣ್ಣಿ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಪುಷ್ಯ ಹುಣ್ಣಿಮೆಗೆ ಬಾದಾಮಿಯ ಪಕ್ಕದಲ್ಲೇ ಬನಶಂಕರಿ ಜಾತ್ರೆ. ಆಗ ಲಾಡ್ಜುಗಳು ಸುಲಭಕ್ಕೆ ಸಿಗುವುದಿಲ್ಲ, ಕೋಣೆ ಮೊದಲೇ ಹೇಳಿಡಿ. ವಿಜಯಪುರ, ಬಾಗಲಕೋಟೆ, ಬಾದಾಮಿ ಮೂರೂ ಗದಗ–ಹೊಟಗಿ ರೈಲುಮಾರ್ಗದ ಮೇಲಿವೆ. ಮೈ ಸೋತರೆ ಎಲ್ಲಿಂದಾದರೂ ಮರಳಬಹುದು. ಸೈಕಲ್ ಪಾರ್ಸೆಲ್ ಒಯ್ಯುವ ವಿಚಾರವನ್ನು ಮಾತ್ರ ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಕೊಂಡಿರಬೇಕು.